ಕೆಸರಿಗೆ ತಕ್ಕ ಕಾರು

ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವ ಕಾರು ಕೊಳ್ಳುವವರು ಮೊದಲು ತಮಗೆ ಯಾರ್ಯಾರ ಹತ್ತಿರ ಮಾತಿಲ್ಲ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕಂತೆ. ಇದು ನನ್ನ ಮಾತಲ್ಲ, ಶೋರೂಮಿನ ಮ್ಯಾನೇಜರು ತೇಜಸ್ಕುಮಾರ್ ಹೇಳಿದ್ದು. ನಾನು ಯೋಚನೆ ಮಾಡಿ ಒಂದೇ ಹೆಸರು ಬರೆದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಅಂಬುಜ ಪೆನ್ನು ಕಿತ್ತುಕೊಂಡು ಅದರ ಕೆಳಗೆ ಇನ್ನೂ ಏಳು ಹೆಸರು ಬರೆದಳು. ಹಾಳೆ ಮಗುಚಿ ಹಿಂದುಗಡೆಗೆ ಹೋಗುವವಳಿದ್ದಳು, ನಾನೇ ಕೈ ಹಿಡಿದು ನಿಲ್ಲಿಸಿದೆ.

ನಮ್ಮ ಊರಿನವರಿಗೆ ಇದರಲ್ಲಿ ಬಿಡಿಸಿ ಹೇಳುವಂಥದ್ದೇನೂ ಇಲ್ಲ. ಹೊರಗಿನವರು ಇಷ್ಟು ತಿಳಿದುಕೊಂಡರೆ ಸಾಕು. ಇಲ್ಲಿ ಯಾರಾದರೂ ಇನ್ನೊಬ್ಬರ ಮನಸ್ಸು ನೋಯಿಸಿ, ತಪ್ಪಾಯಿತು ಅನ್ನದೆ ಮಲಗಿದರೆ, ಮಾರನೇ ಬೆಳಿಗ್ಗೆಯಿಂದ ಆ ನೊಂದವರ ಮನೆಗೆ ಹೋಗುವ ದಾರಿ ಕೆಸರು. ಎಲ್ಲರಿಗೂ ಅಲ್ಲ, ನೋಯಿಸಿದವರಿಗೆ ಮಾತ್ರ. ಅದೇ ದಾರಿಯಲ್ಲಿ ಬೇರೆಯವರು ಬಿಳಿ ಪಂಚೆ ಉಟ್ಟು, ಎಲೆ ಅಡಿಕೆ ಹಾಕಿಕೊಂಡು ಆರಾಮವಾಗಿ ನಡೆದು ಹೋಗುತ್ತಿರುತ್ತಾರೆ. ನೀವು ಅವರ ಪಕ್ಕದಲ್ಲೇ ಮೊಣಕಾಲುದ್ದ ಹೂತುಕೊಂಡು ಏನು ಸಮಾಚಾರ ಅಂತ ಕೇಳುತ್ತಿರುತ್ತೀರಿ. ಅವರ ಕಣ್ಣಿಗೆ ಅದು ಒಣ ಟಾರು ರಸ್ತೆ. ನಿಮ್ಮ ಮೈಗೆ ಮೆತ್ತಿದ್ದು ಮಾತ್ರ ಎಲ್ಲರಿಗೂ ಚೆನ್ನಾಗಿ ಕಾಣುತ್ತದೆ.

ಹಿಂದೆ ಇದೊಂದು ತೊಂದರೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಜಗಳ ಆದ ಎರಡು ದಿನಕ್ಕೆ ಪಂಚೆ ಎತ್ತಿ ಕಟ್ಟಿ, ಪಾದ ಮುಳುಗುವಷ್ಟು ಕೆಸರು ತುಳಿದು ಹೋಗಿ 'ನಂದು ತಪ್ಪಾಯ್ತು ಮಾರಾಯ' ಅಂದರೆ ಮುಗಿಯಿತು. ಅವರು ಕಾಲು ತೊಳೆಯಲು ಒಂದು ಚೊಂಬು ನೀರು ಕೊಡುತ್ತಿದ್ದರು, ಆಮೇಲೆ ಕಾಫಿ. ವಾಪಸು ಬರುವಾಗ ದಾರಿ ಒಣಗಿರುತ್ತಿತ್ತು. ಹೆಣ್ಣು ಕೊಡುವವರು ಗಂಡಿನ ಜಾತಕಕ್ಕಿಂತ ಮೊದಲು ಅವನ ಪ್ಯಾಂಟಿನ ಅಂಚು ನೋಡುತ್ತಿದ್ದರು. ಬಟ್ಟೆ ಒಗೆಯುವ ಮುನಿಸ್ವಾಮಿಗೆ ಊರಿನ ಅಷ್ಟೂ ಜಗಳ ಬಾಯಿಪಾಠ. ಗಾಡಿಯಲ್ಲಿ ಹೋಗುವುದು ಮಾತ್ರ ಕೂಡದು ಅಂತಿತ್ತು. ಯಾಕೆಂದರೆ ತಪ್ಪೊಪ್ಪಿದ ತಕ್ಷಣ ನೆಲ ಗಟ್ಟಿಯಾಗುತ್ತದೆ. ಮನುಷ್ಯನನ್ನು ಮೇಲಕ್ಕೆತ್ತಿ ಬಿಡುತ್ತದೆ, ಕಬ್ಬಿಣವನ್ನು ಬಿಡುವುದಿಲ್ಲ. ಅಂಚೆ ಕಚೇರಿಯ ಮುಂದೆ ಈಗಲೂ ಒಂದು ಸ್ಕೂಟರಿನ ಹ್ಯಾಂಡಲ್ಲು ಮಾತ್ರ ರಸ್ತೆಯಿಂದ ಹೊರಗಿದೆ. ಯಾರೋ ಪುಣ್ಯಾತ್ಮ ಅವಸರದಲ್ಲಿ ರಾಜಿಯಾಗಿದ್ದು.

ಶೋರೂಮು ಬಂದ ಮೇಲೆ ಎಲ್ಲ ಬದಲಾಯಿತು. ತಪ್ಪಾಯಿತು ಅನ್ನದೆಯೂ ಹೋಗಬಹುದು ಅಂತಾದ ಮೇಲೆ ಯಾರು ಅನ್ನುತ್ತಾರೆ? ಎರಡೇ ವರ್ಷದಲ್ಲಿ ಊರಿನ ತುಂಬ ಎತ್ತರದ ಕಾರುಗಳು. ಪುರಸಭೆಯ ಅಧ್ಯಕ್ಷರ ಕಾರಿಗೆ ಹತ್ತಲು ಏಣಿ ಬೇಕು. ಕೆಸರು ಮೆತ್ತಿದ ಕಾರನ್ನು ತೊಳೆಯದೆ ಮನೆ ಮುಂದೆ ನಿಲ್ಲಿಸುವುದು ಅಂತಸ್ತಿನ ಮಾತಾಯಿತು. ಮುನಿಸ್ವಾಮಿ ಒಗೆಯುವ ಕಲ್ಲು ಬಿಟ್ಟು ಕಾರು ತೊಳೆಯುವ ಪಂಪು ಹಾಕಿಸಿಕೊಂಡ.

ನಾನು ಈ ಹುಚ್ಚಿಗೆ ಬಿದ್ದವನಲ್ಲ. ನನ್ನ ಹೆಸರು ರಂಗಧಾಮಯ್ಯ. ಮೂವತ್ತೊಂದು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೆ. ಪ್ರಯಾಣಿಕರ ಗಮನಕ್ಕೆ ಅಂತ ಮೈಕಿನಲ್ಲಿ ಶುರು ಮಾಡಿದರೆ ಮೂರನೇ ಪ್ಲಾಟ್‌ಫಾರಮ್ಮಿನಲ್ಲಿ ನಿದ್ದೆ ಹೋದವರು ಎದ್ದು ಕೂರುತ್ತಿದ್ದರು. ಬಸ್ಸು ಅರ್ಧ ಗಂಟೆ ತಡ ಅಂತ ಹೇಳಿದ್ದೇನೆ, ಎರಡು ಗಂಟೆ ತಡ ಅಂತ ಹೇಳಿದ್ದೇನೆ, ಇವತ್ತು ಬರುವುದೇ ಇಲ್ಲ ಅಂತಲೂ ಹೇಳಿದ್ದೇನೆ. ಒಂದು ಸಲವೂ ಕ್ಷಮಿಸಿ ಅಂದವನಲ್ಲ. ಇಲಾಖೆಯಲ್ಲಿ ಆ ಪದ್ಧತಿ ಇರಲಿಲ್ಲ. ಯಾರಾದರೂ ಕಿಟಕಿಗೆ ಬಂದು ಕೂಗಾಡಿದರೆ 'ರಸ್ತೆ ಸರಿಯಿಲ್ಲ ಕಣ್ರೀ' ಅನ್ನುತ್ತಿದ್ದೆ. ರಸ್ತೆಗೆ ಬಾಯಿಲ್ಲವಲ್ಲ.

ಹಾಳೆಯಲ್ಲಿ ನಾನು ಬರೆದ ಒಂದೇ ಹೆಸರು ನನ್ನ ತಂಗಿ ಪ್ರಮೀಳಳದು. ನಮ್ಮಮ್ಮ ಕೊನೆಯ ಆರು ವರ್ಷ ಹಾಸಿಗೆ ಹಿಡಿದು ಅವಳ ಮನೆಯಲ್ಲೇ ಇದ್ದಳು. ತಿಥಿ ದಿನ ಊಟಕ್ಕೆ ಎಲೆ ಹಾಕಿತ್ತು. ನೆಂಟರೆಲ್ಲ ಸಾಲಾಗಿ ಕೂತಿದ್ದರು. ಪ್ರಮೀಳ ಬಕೆಟ್ಟು ಹಿಡಿದು ಸಾರು ಬಡಿಸುತ್ತ ಬಂದಳು. ನಾನು ಒಂದು ತುತ್ತು ಬಾಯಿಗಿಟ್ಟು, 'ಆರು ವರ್ಷ ಈ ಸಾರು ಉಂಡೂ ಅಮ್ಮ ಇಷ್ಟು ದಿನ ತಡೆದಳಲ್ಲ, ಗಟ್ಟಿ ಜೀವ' ಅಂದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪ್ರಮೀಳ ಸಾಲಿನ ಕೊನೆಯವರೆಗೂ ಬಡಿಸಿಯೇ ಒಳಗೆ ಹೋದಳು. ಮಾರನೇ ದಿನ ಅವಳ ಬೀದಿಗೆ ಕಾಲಿಟ್ಟರೆ ನನ್ನ ಚಪ್ಪಲಿ ಮುಳುಗಿತು.

ನನಗೆ ಸಿಟ್ಟು ಬಂತು. ತಮಾಷೆಗೆ ಆಡಿದ ಮಾತು. ಎಲ್ಲರೂ ನಕ್ಕಿದ್ದಾರೆ ಅಂದ ಮೇಲೆ ತಪ್ಪು ಎಲ್ಲಿ ಬಂತು? ಅದೂ ಅಲ್ಲದೆ ನಾನು ಅಣ್ಣ. ಅಣ್ಣನಾದವನು ತಂಗಿಯ ಬಾಗಿಲಿಗೆ ಹೋಗಿ ತಲೆ ಬಗ್ಗಿಸಬೇಕೇ? 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಸರು ಇನ್ನೂ ಪಾದದಷ್ಟೇ ಇದೆ, ಈಗಲೇ ಹೋಗಿ ಬಂದುಬಿಡಿ' ಅಂತ ಅಂಬುಜ ಹೇಳಿದಳು. ನಾನು ನೀರಿನ ಪೈಪು ಒಡೆದಿರಬೇಕು ಅಂತ ಪುರಸಭೆಗೆ ಅರ್ಜಿ ಬರೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಹೇಳಿ ಅವಳು ಒಳಗೆ ಹೋದಳು. ಹಾಗೇ ಒಂಬತ್ತು ವರ್ಷ ಕಳೆಯಿತು.

ಈ ಒಂಬತ್ತು ವರ್ಷದಲ್ಲಿ ಒಂದೇ ಒಂದು ಭಾನುವಾರವೂ ತಪ್ಪದೆ ನಮ್ಮ ಮನೆಗೆ ಬಂದವಳು ಪ್ರಮೀಳಳ ಮಗಳು ಮೇದಿನಿ. ಅವಳ ಕಾಲಿಗೆ ಒಂದು ಚುಕ್ಕೆ ಕೆಸರಿಲ್ಲ. ನಮಗೆ ಮಕ್ಕಳಿಲ್ಲ. ಅವಳು ಚಿಕ್ಕವಳಿದ್ದಾಗ ಕಂಟ್ರೋಲರ್ ರೂಮಿನಲ್ಲಿ ನನ್ನ ತೊಡೆಯ ಮೇಲೆ ಕೂತು ಮೈಕಿನಲ್ಲಿ ಪ್ರಯಾಣಿಕರ ಗಮನಕ್ಕೆ ಅನ್ನುತ್ತಿದ್ದಳು. ಒಮ್ಮೆ ಇಲ್ಲದ ಬಸ್ಸೊಂದನ್ನು ಕೂಗಿಬಿಟ್ಟಳು, ಐವತ್ತು ಜನ ಓಡಿದ್ದರು. ಅವಳ ಮೇಲೆ ನನಗೆ ಎಷ್ಟು ಪ್ರೀತಿ ಅಂತ ಹೇಳಿಕೊಂಡು ತಿರುಗುವ ಮನುಷ್ಯ ನಾನಲ್ಲ, ಆದರೆ ಹೇಳುತ್ತೇನೆ: ಬಹಳ ಪ್ರೀತಿ.

ಅವಳು ಒಂದು ಭಾನುವಾರ ಬಂದು, 'ಮಾವ, ಮದುವೆ ಗೊತ್ತಾಯ್ತು. ಮನೆ ಮುಂದೇನೇ ಚಪ್ಪರ. ಹತ್ತೂ ನಲವತ್ತಕ್ಕೆ ಮುಹೂರ್ತ' ಅಂದಳು. ನಮ್ಮಲ್ಲಿ ಹೆಣ್ಣಿನ ಕೈ ಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ. ಸೋದರಮಾವ ಇಲ್ಲದಿದ್ದರೆ ವರಸೆಯಲ್ಲಿ ಇನ್ನೊಬ್ಬರು ನಿಲ್ಲುತ್ತಾರೆ.

'ನಿಮ್ಮಮ್ಮ ಏನಂದಳು?' ಅಂತ ಕೇಳಿದೆ.

'ದಾರಿ ಬಿಟ್ಟರೆ ಬರಲಿ ಅಂದಳು.' ಅವಳು ನನ್ನ ಮುಖ ನೋಡಲಿಲ್ಲ, ಚಾಪೆಯ ಎಳೆ ಬಿಡಿಸುತ್ತಿದ್ದಳು. 'ನನ್ನ ಕೈ ಬೇರೆ ಯಾರೂ ಹಿಡಿಯೋದು ಬೇಡ ಅಂತ ಹೇಳಿದೀನಿ. ನೀವು ಬರದಿದ್ದರೆ ನಾನೊಬ್ಬಳೇ ನಡೆದು ಹೋಗಿ ಕೂತ್ಕೊಳ್ತೀನಿ ಮಾವ. ಜನ ಏನಾದರೂ ಅಂದ್ಕೊಳ್ಳಲಿ.'

ಅವಳು ಹೋದಳು. ಆಮೇಲೆ ಹೆಂಡತಿಗೆ, 'ರೆಡಿಯಾಗು, ಶೋರೂಮಿಗೆ ಹೋಗೋಣ' ಅಂದೆ. ಅವಳು ಹಣೆ ಚಚ್ಚಿಕೊಂಡಳು.

ಕಾರು ಆರಿಸುವುದು ಅಂದರೆ ಅಂಗಡಿಯಲ್ಲಿ ಬದನೆಕಾಯಿ ಆರಿಸಿದ ಹಾಗಲ್ಲ ಅಂತ ತೇಜಸ್ಕುಮಾರ್ ಮೊದಲೇ ಹೇಳಿದ. ಕತ್ತಿನಲ್ಲಿ ಟೈ, ಕಾಲಿನಲ್ಲಿ ಗಮ್‌ಬೂಟು. 'ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಎಳೆಯೋದು ಒಂದು ಥರ, ಸಾರ್. ಹಬ್ಬ ಹರಿದಿನಕ್ಕೆ ಮಾತ್ರ ಜಗಳ ಆಡೋ ಮನೆಗಳಿಗೆ ಅದು ಸಾಕು. ಸದಾಕಾಲ ನಾಲ್ಕೂ ಎಳೆಯೋದು ಇನ್ನೊಂದು ಥರ. ಅದನ್ನ ವಕೀಲರು, ಚುನಾವಣೆಗೆ ನಿಂತವರು ತಗೊಳ್ತಾರೆ. ಒಂದು ಚಕ್ರ ಸೋತು ತಿರುಗಿದರೂ ಇನ್ನೊಂದು ಬಿಡದ ಹಾಗೆ ಬೀಗ ಬೀಳೋದು ಬೇಕಾ? ಅದು ಆಸ್ತಿ ಭಾಗ ಆಗಿರೋ ಅಣ್ಣತಮ್ಮಂದಿರಿಗೆ ಅಂತಲೇ ಮಾಡಿರೋದು.'

'ನನಗೆ ತಂಗಿ' ಅಂದೆ.

ಅವನು ಪೆನ್ನು ಕೆಳಗಿಟ್ಟ. 'ಎಷ್ಟು ವರ್ಷ ಆಯ್ತು ಸಾರ್?'

'ಒಂಬತ್ತು.'

'ಹಾಗಾದರೆ ಅಂದಾಜಿನ ಮೇಲೆ ಕೊಡೋಕೆ ಆಗಲ್ಲ. ಅಳತೆ ತೆಗೀಲೇಬೇಕು.'

ಮಾರನೇ ಬೆಳಿಗ್ಗೆ ಇಂಚು ಗುರುತು ಹಾಕಿದ ಒಂದು ಬಿದಿರು ಗಳ ಹಿಡಿದು ಅವನೇ ಬಂದ. ಅವನಿಗೆ ಆ ಬೀದಿ ಒಣ ಬೀದಿ, ಆದ್ದರಿಂದ ಗಳ ಹಿಡಿದು ಇಳಿಯಬೇಕಾದವನು ನಾನೇ. ಪ್ರಮೀಳಳ ಮನೆಯ ಬೀದಿ ತಿರುವಿನಲ್ಲಿ ಪಂಚೆ ಎತ್ತಿ ಕಟ್ಟಿ ಹೆಜ್ಜೆ ಹೆಜ್ಜೆಗೂ ಗಳ ಊರುತ್ತ ಹೋದೆ. ಅವನು ಪಕ್ಕದಲ್ಲಿ ಪಾಲಿಶ್ ಬೂಟಿನಂತೆ ಹೊಳೆಯುವ ಗಮ್‌ಬೂಟಿನಲ್ಲಿ ನಡೆಯುತ್ತ ಬರೆದುಕೊಂಡ. ಮೊಣಕಾಲಿನಿಂದ ಎರಡು ಬೆರಳು ಮೇಲೆ ನಿಂತಿತು. 'ಇಪ್ಪತ್ತೆರಡು ಇಂಚು' ಅಂತ ಅವನು ಗಳ ಮೂಸಿ ನೋಡಿದ. 'ಹಳೇ ಕೆಸರು ಸಾರ್. ಹೊರಗಿನವರದಾದರೆ ತೆಳ್ಳಗಿರುತ್ತೆ. ಒಡಹುಟ್ಟಿದವರದು ಅಂಟು ಜಾಸ್ತಿ.'

ಕೊನೆಗೆ ಅವನೇ ಒಂದನ್ನು ಗೊತ್ತು ಮಾಡಿದ. ಸದಾಕಾಲ ನಾಲ್ಕೂ ಚಕ್ರ ಎಳೆಯುವುದು, ಬೀಗ ಉಂಟು, ನೆಲದಿಂದ ಎರಡಡಿ ಎತ್ತರ, ಟೈರಿನ ಗೀರುಗಳಲ್ಲಿ ಅಂಗೈ ಇಡಬಹುದು. ಮೇಲೆ ಮಾಡಿನಲ್ಲಿ ಜಾರಿಸುವ ಗಾಜಿನ ಕಿಟಕಿ. ಆಕಾಶ ನೋಡಿ ನನಗೇನಾಗಬೇಕು ಅಂದೆ. 'ಎಲ್ಲರೂ ಹಾಗೇ ಅಂತಾರೆ ಸಾರ್, ಆಮೇಲೆ ಅದೇ ಉಪಯೋಗಕ್ಕೆ ಬರೋದು' ಅಂದ. ಬಣ್ಣದ ವಿಷಯ ಬಂದಾಗ ಕೆಸರಿನ ಬಣ್ಣ ತಗೊಂಡರೆ ಮಾನ ಉಳಿಯುತ್ತದೆ ಅಂತ ಹೆಂಡತಿ ಅಂದಳು. ನಾನು ಕೆಂಪು ಅಂದೆ. ಮೂವತ್ತೊಂದು ವರ್ಷ ಕೆಂಪು ಬಸ್ಸು ನೋಡಿದ ಕಣ್ಣಿಗೆ ಬೇರೆ ಬಣ್ಣದ ಗಾಡಿ ಗಾಡಿಯ ಹಾಗೇ ಕಾಣುವುದಿಲ್ಲ.

ಸಹಿ ಹಾಕುವಾಗ ಅಂಬುಜ ಕನ್ನಡಕ ಏರಿಸಿ ವಾರಂಟಿ ಕಾಗದದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು: ಗಾಡಿಯು ಕೆಸರಿನಲ್ಲಿರುವಾಗ ಗ್ರಾಹಕರು ತಪ್ಪೊಪ್ಪಿಕೊಂಡಲ್ಲಿ ಕಂಪನಿ ಜವಾಬ್ದಾರಿಯಲ್ಲ.

'ಅಂಥದ್ದು ಇವರ ಹತ್ತಿರ ಆಗಲ್ಲ ಬಿಡಿ ಮೇಡಂ' ಅಂತ ತೇಜಸ್ಕುಮಾರ್ ನಕ್ಕ. ಅವಳು ಮಾತ್ರ ನಗಲಿಲ್ಲ.

ಮದುವೆಗೆ ಇನ್ನೂ ಒಂದು ತಿಂಗಳಿತ್ತು. ಕೈ ಕುದುರಲಿ ಅಂತ ಮೊದಲು ಕ್ಷೌರದ ಚೌಡಪ್ಪನ ಅಂಗಡಿಗೆ ಹೋದೆ. ಅವನ ಕತ್ತರಿ ಮೊಂಡು, ನಾಲಿಗೆ ಚೂಪು ಅಂದದ್ದಕ್ಕೆ ನಾಲ್ಕು ವರ್ಷದಿಂದ ಅಲ್ಲಿ ನನಗೆ ಕಣಕಾಲುದ್ದ ಕೆಸರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕಾರು ಹೋಯಿತು. ಅವನು ಬಾಗಿಲಲ್ಲೇ ನಿಂತು ಬಾಯಿ ಬಿಟ್ಟುಕೊಂಡು ನೋಡಿದ. ಕಾರಿನಿಂದ ಇಳಿಯದೆ ಕಿಟಕಿಯಲ್ಲೇ, 'ಇನ್ನೂ ಅದೇ ಕತ್ತರಿಯಾ ಚೌಡಪ್ಪ?' ಅಂತ ಕೇಳಿ ವಾಪಸು ಬಂದೆ. ಹೇಳುತ್ತೇನೆ ಕೇಳಿ, ಅಂಥ ಸುಖ ನಾನು ಕಂಡಿರಲಿಲ್ಲ. ಆಮೇಲೆ ತಡೆಯುವವರು ಯಾರು? ಲೈಬ್ರರಿಯವನಿಗೆ ಅಂದೆ, ಹಾಲಿನವಳಿಗೆ ಅಂದೆ, ಹಲ್ಲಿನ ಡಾಕ್ಟರಿಗೆ ಅವರ ಹಲ್ಲಿನ ಬಗ್ಗೆಯೇ ಅಂದೆ. ಮೊದಲಾದರೆ ನಾಲಿಗೆಯ ತುದಿಗೆ ಬಂದದ್ದನ್ನು ದಾರಿ ನೆನೆದು ನುಂಗಿಕೊಳ್ಳುತ್ತಿದ್ದೆ. ಅಂಬುಜಳ ಹಾಳೆಯಲ್ಲಿ ಏಳು ಇದ್ದದ್ದು ಹನ್ನೆರಡಾಯಿತು. ಅವಳು ಕಾರಿನಲ್ಲಿ ಕೂರುವುದನ್ನೇ ಬಿಟ್ಟಳು. ಎಲ್ಲಿಗೆ ಹೋದರೂ ನಾನು ಕೆಸರೆರಚಿಕೊಂಡು ಕಾರಿನಲ್ಲಿ, ಅವಳು ಪಕ್ಕದಲ್ಲೇ ಒಣ ರಸ್ತೆಯಲ್ಲಿ ಕೊಡೆ ಹಿಡಿದು ನಡಿಗೆಯಲ್ಲಿ. ಎಷ್ಟೋ ಸಲ ಅವಳೇ ಮೊದಲು ತಲುಪುತ್ತಿದ್ದಳು.

ಮದುವೆಯ ಹಿಂದಿನ ಭಾನುವಾರ ಮೇದಿನಿ ಬಂದಾಗ ಕಾರನ್ನು ಸುತ್ತು ಹಾಕಿ ನೋಡಿದಳು. 'ಅಮ್ಮನಿಗೆ ಹೇಳಿದೆ ಮಾವ, ನೀವು ಕಾರು ತಗೊಂಡ ವಿಷಯ.'

'ಏನಂದಳು?'

'ತಪ್ಪಾಯ್ತು ಅನ್ನೋ ಒಂದು ಮಾತಿಗಿಂತ ಇದು ಸಸ್ತಾ ಬಿತ್ತಾ ಅಂತ ಕೇಳಿದಳು. ಆಮೇಲೆ ಒಳಗೆ ಹೋಗಿ ಅಕ್ಕಿ ಆರಿಸ್ತಾ ಕೂತಳು.'

ಅವತ್ತೇ ನಾನು ಮತ್ತೊಂದು ಸಲ ಗಳ ಹಿಡಿದು ಹೋಗಿ ಅಳತೆ ತೆಗೆಯಬೇಕಾಗಿತ್ತು. ತೆಗೆಯಲಿಲ್ಲ. ಹಳೆಯ ಮಾತಿನ ಆಳ ಅಳೆದಿದ್ದೆ, ಅದಕ್ಕೆ ತಕ್ಕ ಕಾರು ತಂದಿದ್ದೆ. ಆ ಕಾರು ತಂದದ್ದೇ ಇನ್ನೊಂದು ಮಾತು ಆಡಿದ ಹಾಗೆ ಅಂತ ನನಗೆ ಹೊಳೆಯಲಿಲ್ಲ. ಈ ಊರಿನಲ್ಲಿ ಹುಟ್ಟಿ ಬೆಳೆದವನು ಮಾಡುವ ತಪ್ಪೇ ಅದು?

ಮದುವೆಯ ದಿನ ರೇಷ್ಮೆ ಪಂಚೆ, ಜರಿ ಅಂಚಿನ ಶಲ್ಯ, ತಲೆಗೆ ಪೇಟ. ಒಂಬತ್ತೂವರೆಗೆ ಹೊರಟೆ. ಅಂಬುಜ ಹರಿವಾಣದಲ್ಲಿ ಸೀರೆ, ಬಳೆ, ಹೂವು ಇಟ್ಟುಕೊಂಡು ಮೊದಲೇ ನಡೆದು ಹೋಗಿದ್ದಳು. ಬೀದಿ ತಿರುಗಿದೆ. ದೂರದಲ್ಲಿ ಚಪ್ಪರ, ಬಾಳೆಕಂಬ, ಮಾವಿನ ತೋರಣ. ವಾಲಗ ಊದುತ್ತಿದ್ದರು. ಒಂಬತ್ತು ವರ್ಷದ ಮೇಲೆ ಆ ಗೇಟು ಕಂಡು ಪೇಟ ಸರಿಮಾಡಿಕೊಂಡೆ. ಕಾರು ಧೈರ್ಯವಾಗಿ ಇಳಿಯಿತು. ಮೊದಲ ಐವತ್ತು ಅಡಿ ಲಕ್ಷಣವಾಗಿ ಹೋಯಿತು. ಆಮೇಲೆ ಮುಂದಿನ ದೀಪಗಳು ಮುಳುಗಿದವು. ಬೀಗ ಹಾಕಿದೆ. ನಾಲ್ಕೂ ಚಕ್ರ ಹಠ ಹಿಡಿದು ತಿರುಗಿದವು, ಕಾರು ಕೊರೆದುಕೊಂಡು ಇನ್ನೂ ಕೆಳಗೆ ಹೋಯಿತು. ಚಪ್ಪರಕ್ಕೆ ಇಪ್ಪತ್ತು ಅಡಿ ಇರುವಾಗ ನಿಂತೇ ಹೋಯಿತು. ನೆಂಟರ ಕಣ್ಣಿಗೆ ಒಣ ರಸ್ತೆಯ ಮಧ್ಯೆ ಅರ್ಧ ಕಾರು. ಬಾಗಿಲು ನೂಕಿದರೆ ಬರಲಿಲ್ಲ, ಅರ್ಧದವರೆಗೂ ಕೆಸರು. ತೇಜಸ್ಕುಮಾರ್ ಹೇಳಿದ ಮಾಡಿನ ಕಿಟಕಿ ನೆನಪಾಯಿತು.

ಸೀಟಿನ ಮೇಲೆ ನಿಂತು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಪೇಟ, ಶಲ್ಯ, ಸೊಂಟದವರೆಗೆ ನಾನು. ಚುನಾವಣೆ ಗೆದ್ದು ಮೆರವಣಿಗೆ ಬಂದಿದ್ದಾನೆ ಅಂತ ತಿಳಿದು ಗಂಡಿನ ಕಡೆಯವರು ಯಾರೋ ಚಪ್ಪಾಳೆ ತಟ್ಟಿದರು. ನಮ್ಮ ಕಡೆಯವರು ತಟ್ಟಲಿಲ್ಲ, ಅವರಿಗೆ ಗೊತ್ತಿತ್ತು. ಜೇಬಿನಲ್ಲಿ ಫೋನು ಕೂಗಿತು. ತೇಜಸ್ಕುಮಾರ್. ಯಾರೋ ಆಗಲೇ ಸುದ್ದಿ ಮುಟ್ಟಿಸಿದ್ದರು.

'ಸಾರ್, ಗಾಬರಿ ಆಗಬೇಡಿ. ಎಳೆಯೋ ಗಾಡಿ ಕಳಿಸ್ತೀನಿ, ಎರಡು ಗಂಟೆಯಲ್ಲಿ ಬರುತ್ತೆ. ಅಲ್ಲಿವರೆಗೂ ಯಾರ ಹತ್ತಿರಾನೂ ಏನೂ ಒಪ್ಪಿಕೊಳ್ಳಬೇಡಿ. ಬಾಯಿ ಬಿಡಲೇಬೇಡಿ ಸಾರ್, ಗಾಡಿ ಹೊಸದು.'

ಗಡಿಯಾರ ನೋಡಿದೆ. ಹತ್ತೂ ಐದು. ಎರಡು ಗಂಟೆಯಲ್ಲಿ ಮೇದಿನಿಯ ಮದುವೆ ಮುಗಿದು ಊಟದ ಎಲೆ ಎತ್ತಿರುತ್ತಾರೆ.

ಆಗ ಪ್ರಮೀಳ ಗೇಟಿಗೆ ಬಂದಳು. ಕೂದಲು ಬೆಳ್ಳಗಾಗಿತ್ತು. ನಮ್ಮಮ್ಮ ಬಂದು ನಿಂತ ಹಾಗಿತ್ತು. ಅವಳು ಕೈ ಕಟ್ಟಿಕೊಂಡು ನನ್ನನ್ನೇ ನೋಡಿದಳು. ಏನಾದರೂ ಹೇಳಲೇಬೇಕಿತ್ತು.

'ಆದದ್ದು ಆಗಿಹೋಯ್ತು ಪ್ರಮೀಳಾ. ಹಳೇದೆಲ್ಲ ಮರೆತುಬಿಡೋಣ' ಅಂದೆ.

ಕಾರು ಗಡಗಡ ಅಂದು ಒಂದು ಗೇಣು ಕೆಳಗಿಳಿಯಿತು.

'ನಾನು ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರಲ್ಲಮ್ಮ.'

ಇನ್ನೊಂದು ಗೇಣು. ಪಕ್ಕದ ಕಿಟಕಿಯ ಗಾಜಿನ ಅಂಚಿಗೆ ಬಂತು. ನೆಂಟರಲ್ಲಿ ಒಬ್ಬರು, 'ಸುಮ್ಮನಿರಲಿ ಪಾಪ, ಮಾತಾಡಿದಷ್ಟೂ ಹೋಗ್ತಾನೆ' ಅಂದದ್ದು ಕೇಳಿಸಿತು.

ಅಷ್ಟರಲ್ಲಿ ಮೇದಿನಿ ಬಂದಳು. ಧಾರೆ ಸೀರೆ, ಹಣೆಗೆ ಬಾಸಿಂಗ, ಕೈತುಂಬ ಹಸಿರು ಬಳೆ. ಬೇಡ ಬೇಡ ಅಂದವರನ್ನು ದಾಟಿ ಒಣ ನೆಲದ ಮೇಲೆ ಬರಿಗಾಲಿನಲ್ಲಿ ನಡೆದು ಬಂದು ಕಾರಿನ ಪಕ್ಕ ನಿಂತಳು. 'ಮಾವ, ಇಳಿದು ಬನ್ನಿ. ಅಷ್ಟು ಎತ್ತರದಿಂದ ಹೇಳಿದರೆ ಅಮ್ಮನಿಗೆ ಕೇಳಿಸಲ್ಲ' ಅಂದಳು. ಅವಳ ಕಣ್ಣಿನಲ್ಲಿ ನೀರಿತ್ತು, ಕಾಡಿಗೆ ಕರಗುತ್ತಿತ್ತು.

ನಾನು ಮಾಡಿನಿಂದ ಜಾರಿ ಕೆಸರಿಗೆ ಇಳಿದೆ. ಎದೆಮಟ್ಟಕ್ಕೆ ಬಂತು. ರೇಷ್ಮೆ ಪಂಚೆ ಹೋಯಿತು, ಶಲ್ಯ ತೇಲಿತು. ಪ್ರಮೀಳಳ ಕಡೆ ತಿರುಗಿ, 'ನಿನ್ನ ಮನಸ್ಸಿಗೆ ಏನಾದರೂ ಬೇಜಾರಾಗಿದ್ದರೆ...' ಅಂತ ಶುರು ಮಾಡಿದೆ. ಕಂಕುಳಿಗೆ ಬಂತು.

ಇನ್ನು ಉಳಿದದ್ದು ಕತ್ತು ಮತ್ತು ಬಾಯಿ. ಮುಳುಗುವ ಮೊದಲು ಏನಾದರೂ ಹೇಳುವುದಿದ್ದರೆ ಅದೇ ಕೊನೆಯ ಅವಕಾಶ. ವಾಲಗದವರು ನಿಲ್ಲಿಸಿರಲಿಲ್ಲ. ಆ ಸದ್ದಿನ ಮೇಲೆ ಕೇಳಿಸುವ ದನಿ ನನ್ನ ಹತ್ತಿರ ಒಂದೇ ಇದ್ದದ್ದು, ಅದೇ ಬಂತು.

'ಪ್ರಯಾಣಿಕರ ಗಮನಕ್ಕೆ' ಅಂದೆ. ವಾಲಗ ನಿಂತಿತು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. 'ಒಂಬತ್ತು ವರ್ಷದ ಹಿಂದೆ ಬರಬೇಕಾಗಿದ್ದ ಗಾಡಿ ಈಗ ಬಂದಿದೆ. ತಡವಾದದ್ದಕ್ಕೆ ರಸ್ತೆ ಕಾರಣ ಅಲ್ಲ. ಟೈರು ಕಾರಣ ಅಲ್ಲ. ಕಂಟ್ರೋಲರ್ ಕಾರಣ.' ಅಷ್ಟರಲ್ಲಿ ಆ ದನಿ ಕೈಕೊಟ್ಟಿತು. ಉಳಿದದ್ದನ್ನು ಮನೆಯ ದನಿಯಲ್ಲೇ ಹೇಳಬೇಕಾಯಿತು. 'ಪ್ರಮೀಳಾ, ಅಮ್ಮ ಆರು ವರ್ಷ ಬದುಕಿದ್ದು ನಿನ್ನ ಕೈ ಸಾರಿನಿಂದ. ಆ ಆರು ವರ್ಷದಲ್ಲಿ ನಾನು ಬಂದಿದ್ದು ನಾಲ್ಕೇ ನಾಲ್ಕು ಸಲ. ಅವತ್ತು ಎಲೆ ಮುಂದೆ ಕೂತಾಗ ಯಾರಾದರೂ ಅದನ್ನ ಕೇಳಿಬಿಡ್ತಾರೆ ಅಂತ ಭಯ ಆಯ್ತು. ಕೇಳೋದಕ್ಕೆ ಮೊದಲೇ ನಗಿಸಿಬಿಟ್ಟೆ. ನಿನ್ನನ್ನ ಮುಂದಿಟ್ಟು ನಗಿಸಿದೆ. ನನ್ನದು ತಪ್ಪಾಯ್ತು ಕಣಮ್ಮ.'

ನೆಲ ಕಾಲಡಿಗೆ ಬಂತು. ಮೆಲ್ಲಗೆ ನೂಕುತ್ತ ನೂಕುತ್ತ ನನ್ನನ್ನು ಮೇಲಕ್ಕೆತ್ತಿ ರಸ್ತೆಯ ಮೇಲೆ ನಿಲ್ಲಿಸಿತು. ಹಿಂದೆ ಕಾರು ಕಿರ್ ಅಂತ ಒಂದು ಸಲ ಸದ್ದು ಮಾಡಿ ಸುಮ್ಮನಾಯಿತು. ನಾನು ತಿರುಗಿ ನೋಡಲಿಲ್ಲ. ಫೋನು ಮತ್ತೆ ಕೂಗುತ್ತಿತ್ತು, ಅದೂ ಒಳಗೇ ಎಲ್ಲೋ ಬಿದ್ದು ಹೋಗಿತ್ತು.

ಪ್ರಮೀಳ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. 'ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇದೆ ಅಣ್ಣ. ಕಾಲು ತೊಳ್ಕೊಂಡು ಬಾ' ಅಂದಳು. ಕಾಲು ತೊಳೆದರೆ ಸಾಲುವ ಸ್ಥಿತಿಯೇ ನನ್ನದು? ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ ಅವಳೇ ತಲೆಯ ಮೇಲೆ ಹಂಡೆಯ ನೀರು ಸುರಿದಳು. ಐದು ಕೊಡ ಆಯಿತು. ಐದನೆಯದಕ್ಕೆ ಅವಳು ಬಿಕ್ಕಿದಳು. ನಾನೂ ಅತ್ತೆ. ನೀರು ಸುರಿಯುತ್ತಿತ್ತಲ್ಲ, ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೇನೆ.

ಪ್ರಮೀಳಳ ಗಂಡನ ಒಂದು ಹಳೇ ಪಂಚೆ ಸುತ್ತಿಕೊಂಡು, ಹತ್ತೂ ಮೂವತ್ತೈದಕ್ಕೆ ಮೇದಿನಿಯ ಕೈ ಹಿಡಿದು ಹಸೆಮಣೆಗೆ ಕರೆತಂದೆ. ಅವಳ ಅಂಗೈ ತಣ್ಣಗಿತ್ತು. ದಾರಿಯಲ್ಲಿ ನನ್ನ ಕಿವಿಯ ಹತ್ತಿರ ಬಾಗಿ, 'ಗಾಡಿ ಸರಿಯಾದ ಟೈಮಿಗೆ ಬಂತು ಮಾವ' ಅಂದಳು. ಇಲಾಖೆಯಲ್ಲಿ ಮೂವತ್ತೊಂದು ವರ್ಷ ಯಾರೂ ನನಗೆ ಆ ಮಾತು ಹೇಳಿರಲಿಲ್ಲ.

ಕಾರು ಈಗಲೂ ಪ್ರಮೀಳಳ ಮನೆಯ ಮುಂದೆಯೇ ಇದೆ. ಕೆಂಪು ಮಾಡು, ಕಿಟಕಿಯ ಅರ್ಧ ಗಾಜು, ಅಷ್ಟು ರಸ್ತೆಯ ಮೇಲಿದೆ. ಎಳೆಯುವ ಗಾಡಿ ಬಂದು ನೋಡಿ ವಾಪಸು ಹೋಯಿತು. ತೇಜಸ್ಕುಮಾರ್ ಆ ಕಡೆ ಗಿರಾಕಿಗಳನ್ನು ಕರೆತರುವುದಿಲ್ಲ, ಸುತ್ತು ಬಳಸಿ ಹೋಗುತ್ತಾನೆ. ಮಾಡು ಬಿಸಿಲಿಗೆ ಚೆನ್ನಾಗಿ ಕಾಯುತ್ತದೆ ಅಂತ ಪ್ರಮೀಳ ಅದರ ಮೇಲೆ ಬಟ್ಟೆ ಹಾಸಿ ಸಾರಿನ ಪುಡಿಗೆ ಮೆಣಸಿನಕಾಯಿ, ಕೊತ್ತಂಬರಿ ಬೀಜ ಒಣಗಿಸುತ್ತಾಳೆ. ಆ ಗಾಡಿ ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು ಅಂತ ಅಂಬುಜ ಹೇಳುತ್ತಾಳೆ. ಹನ್ನೆರಡು ಹೆಸರಿನ ಹಾಳೆಯನ್ನು ಅವಳು ಕ್ಯಾಲೆಂಡರಿನ ಮೊಳೆಗೆ ಚುಚ್ಚಿಟ್ಟಿದ್ದಾಳೆ. ನಾನು ವಾರಕ್ಕೆ ಒಂದರಂತೆ ಹೋಗಿ ಬರುತ್ತಿದ್ದೇನೆ. ಚೌಡಪ್ಪನದು ಆಯಿತು, ಕಾಲು ತೊಳೆಯಲು ನೀರು ಕೊಟ್ಟ, ಅದೇ ಮೊಂಡು ಕತ್ತರಿಯಲ್ಲಿ ಕ್ಷೌರವನ್ನೂ ಮಾಡಿದ. ಹಲ್ಲಿನ ಡಾಕ್ಟರು ಬಾಕಿ ಇದ್ದಾರೆ.

ಮದುವೆಯ ದಿನದ ಊಟದ ವಿಷಯ ಹೇಳುವುದು ಉಳಿಯಿತು. ಪಂಕ್ತಿ ಕೂತಿತ್ತು, ಒಂಬತ್ತು ವರ್ಷದ ಹಿಂದೆ ಕೂತಿದ್ದವರೇ ಹೆಚ್ಚುಕಡಿಮೆ. ಅಡುಗೆಯವರಿದ್ದರೂ ಆ ಒಂದು ಸಾರನ್ನು ಪ್ರಮೀಳ ತಾನೇ ಮಾಡಿದ್ದಳು. ತಾನೇ ಬಕೆಟ್ಟು ಹಿಡಿದು ಬಡಿಸುತ್ತ ಬಂದು ನನ್ನ ಎಲೆಯ ಮುಂದೆ ನಿಂತಳು. ಹಾಕಿದಳು. ಅಲ್ಲಿಂದ ಕದಲಲಿಲ್ಲ. ನಾನು ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಇಡೀ ಸಾಲು ಉಣ್ಣುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿತ್ತು.

'ಹೇಗಿದೆ ಅಣ್ಣ?' ಅಂದಳು.

ಉಪ್ಪು ಒಂದು ಕಲ್ಲು ಜಾಸ್ತಿಯಾಗಿತ್ತು.

'ಇನ್ನೊಂದು ಸೌಟು ಹಾಕಮ್ಮ' ಅಂದೆ. ಕಾರು ಇರಲಿಲ್ಲ, ನಾಳೆಯಿಂದ ಈ ಮನೆಗೆ ನಡೆದುಕೊಂಡೇ ಬರಬೇಕಿತ್ತು.